ಮೃಗ, ಮುದ್ರೆ, ತುತೂರಿ: ಅಂತ್ಯಕಾಲದ ಪ್ರವಾದನೆಯನ್ನು ಓದುವ ಬಗೆ

ಸತ್ಯವೇದದ (ಬೈಬಲಿನ) ಕೊನೆಯ ಪುಸ್ತಕವಾದ ಪ್ರಕಟನೆಯನ್ನು ಬಹಳ ಮಂದಿ ಹದಿಮೂರನೆಯ ಅಧ್ಯಾಯದಿಂದ ಓದಲು ತೊಡಗುತ್ತಾರೆ. ಮೃಗ ಯಾರು, 666 ಯಾರ ಸಂಖ್ಯೆ, ಹಣೆಯ ಮೇಲಿನ ಗುರುತು ಎಂದರೇನು ಎಂಬ ಮೂರು ಪ್ರಶ್ನೆಗಳನ್ನು ಹಿಡಿದು ಒಳಗೆ ಹೋಗುತ್ತಾರೆ, ಉತ್ತರ ಸಿಕ್ಕಿತು ಅನ್ನಿಸಿದ ಕೂಡಲೇ ಹೊರಗೆ ಬಂದುಬಿಡುತ್ತಾರೆ. ನಾನೂ ಹಾಗೆಯೇ ಓದಿದವನು. ಹದಿನಾರನೆಯ ವಯಸ್ಸಿನಲ್ಲಿ ಬೋಧಕರೊಬ್ಬರು ಗೋಡೆಗೆ ತೂಗುಹಾಕಿದ್ದ ದೊಡ್ಡ ಪಟವನ್ನು ನೋಡಿ, ಅದರಲ್ಲಿದ್ದ ಇಸವಿಗಳನ್ನೆಲ್ಲ ಸತ್ಯವೇದದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಂಡಿದ್ದೆ. ಆ ಇಸವಿಗಳು ಒಂದೊಂದಾಗಿ ಬಂದು ಹೋದವು. ಅದಕ್ಕಿಂತ ಹೆಚ್ಚು ನೋವು ಕೊಟ್ಟ ಸಂಗತಿ ಬೇರೆ. ಆ ಪಟದ ದೆಸೆಯಿಂದ ಹಲವು ವರ್ಷ ಈ ಪುಸ್ತಕ ನನಗೆ ಬರೀ ಭಯದ ಪುಸ್ತಕವಾಗಿತ್ತು. ರೋಮ್ ಸಾಮ್ರಾಜ್ಯದ ನೆರಳಿನಲ್ಲಿ ಬದುಕುತ್ತಿದ್ದ ಸಣ್ಣ ಸಣ್ಣ ಕ್ರೈಸ್ತ ಸಭೆಗಳಿಗೆ ಧೈರ್ಯ ತುಂಬಲು ಯೋಹಾನ ತಾನು ಕಂಡ ದರ್ಶನಗಳನ್ನು ಇಲ್ಲಿ ಬರೆದ ಎಂಬುದೇ ಕಣ್ಣಿಗೆ ಬಿದ್ದಿರಲಿಲ್ಲ.

ಮುಂದೆ ಹೇಳುವ ಕ್ರಮ ನಿಧಾನವಾಗಿ ಕಲಿತದ್ದು. ಇದಕ್ಕೆ ಗ್ರೀಕ್, ಹೀಬ್ರೂ ಬರಬೇಕಾಗಿಲ್ಲ. ಅಡ್ಡ ಉಲ್ಲೇಖಗಳಿರುವ ಒಂದು ಸತ್ಯವೇದ, ಒಂದು ನೋಟ್‌ಬುಕ್, ಎರಡು ಮೂರು ತಿಂಗಳ ಸಂಜೆಗಳು ಇದ್ದರೆ ಸಾಕು.

1. ಮೊದಲು ಕಿವಿಗೆ ಬೀಳಲಿ

ಪ್ರಕಟನೆಯ 22 ಅಧ್ಯಾಯಗಳನ್ನು ಒಂದೇ ಸಲ ಕುಳಿತು ಗಟ್ಟಿಯಾಗಿ ಓದಿ. ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ. ಪುಸ್ತಕದ ಮೂರನೆಯ ವಚನವೇ ಓದುವವನನ್ನೂ ಕೇಳುವವರನ್ನೂ ಧನ್ಯರೆಂದು ಕರೆಯುತ್ತದೆ, ಏಕೆಂದರೆ ಆ ಕಾಲದ ಸಭೆಯಲ್ಲಿ ಒಬ್ಬ ಓದುತ್ತಿದ್ದ, ಉಳಿದವರು ಆಲಿಸುತ್ತಿದ್ದರು. ಅರ್ಥವಾಗದ ಕಡೆ ನಿಲ್ಲಬೇಡಿ, ಟಿಪ್ಪಣಿ ಬರೆಯಬೇಡಿ. ಹೀಗೆ ಓದಿದಾಗ ಬಿಡಿಬಿಡಿಯಾಗಿ ಓದುವಾಗ ತಪ್ಪಿಹೋಗುವ ಒಂದು ಸಂಗತಿ ತಾನಾಗಿ ಕೇಳಿಸುತ್ತದೆ: ಈ ಪುಸ್ತಕದ ತುಂಬ ಹಾಡಿದೆ. ಪ್ರತಿ ದೊಡ್ಡ ವಿಪತ್ತಿನ ಹಿಂದೆಯೋ ಮುಂದೆಯೋ ಸಿಂಹಾಸನದ ಸುತ್ತ ಸ್ತೋತ್ರ ಏಳುತ್ತದೆ.

‘ಪ್ರಕಟನೆ’ ಎಂಬ ನಮ್ಮ ಪದ ಮೂಲಕ್ಕೆ ಬಹಳ ಹತ್ತಿರವಾಗಿದೆ. ಗ್ರೀಕ್‌ನ ‘ಅಪೊಕಲಿಪ್ಸಿಸ್’ ಎಂದರೆ ಮುಸುಕು ತೆಗೆಯುವುದು. ಮುಚ್ಚಿಟ್ಟ ಒಗಟನ್ನು ಕೊಡುವುದಲ್ಲ, ಮರೆಯಲ್ಲಿದ್ದುದನ್ನು ತೋರಿಸುವುದು ಇದರ ಕೆಲಸ.

2. ನೋಟ್‌ಬುಕ್ಕಿನಲ್ಲಿ ಮೂರು ಅಂಕಣ

ಎರಡನೆಯ ಓದಿಗೆ ಪೆನ್ನು ಹಿಡಿಯಿರಿ. ಪುಟವನ್ನು ಮೂರು ಭಾಗ ಮಾಡಿ ‘ಯೋಹಾನ ಕಂಡದ್ದು’, ‘ಯೋಹಾನ ಕೇಳಿದ್ದು’, ‘ಪುಸ್ತಕವೇ ಅರ್ಥ ಹೇಳಿದ್ದು’ ಎಂದು ಬರೆದುಕೊಳ್ಳಿ.

ಮೊದಲು ತುಂಬಬೇಕಾದದ್ದು ಮೂರನೆಯ ಅಂಕಣ. ಏಳು ದೀಪಸ್ತಂಭಗಳು ಏಳು ಸಭೆಗಳು (1:20, ಅಂದರೆ 1ನೆಯ ಅಧ್ಯಾಯದ 20ನೆಯ ವಚನ). ಧೂಪವೆಂದರೆ ದೇವಜನರ ಪ್ರಾರ್ಥನೆಗಳು (5:8). ಘಟಸರ್ಪವೆಂದರೆ ಸೈತಾನ (12:9). ಜಾರಸ್ತ್ರೀ ಕುಳಿತಿರುವ ನೀರುಗಳು ಜನಾಂಗಗಳು, ಭಾಷೆಗಳು (17:15). ನಾರುಮಡಿ ಎಂದರೆ ದೇವಜನರ ನೀತಿಕೃತ್ಯಗಳು (19:8). ಪುಸ್ತಕ ತಾನೇ ಬಿಡಿಸಿ ಹೇಳಿದ ಗುರುತಿಗೆ ನಾವು ಹೊಸ ಅರ್ಥ ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಿಡಿಸದ ಗುರುತುಗಳ ಬಗ್ಗೆ ಮಾತ್ರ ಮುಂದಿನ ಹೆಜ್ಜೆ ಬೇಕು.

ಇನ್ನು ಕಂಡದ್ದನ್ನೂ ಕೇಳಿದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿ. ನನ್ನ ಓದನ್ನೇ ತಿರುಗಿಸಿದ್ದು ಇದು. ಐದನೆಯ ಅಧ್ಯಾಯದಲ್ಲಿ ಯೂದಕುಲದ ಸಿಂಹ ಜಯಿಸಿದ್ದಾನೆ ಎಂಬ ಮಾತು ಯೋಹಾನನ ಕಿವಿಗೆ ಬೀಳುತ್ತದೆ. ಕಣ್ಣೆತ್ತಿ ನೋಡಿದರೆ ಅಲ್ಲಿ ಸಿಂಹವಿಲ್ಲ, ಕೊಲ್ಲಲ್ಪಟ್ಟಂತಿರುವ ಯಜ್ಞದ ಕುರಿ ನಿಂತಿದೆ. ಕಿವಿ ಹೇಳಿದ್ದೂ ಕಣ್ಣು ಕಂಡದ್ದೂ ಒಬ್ಬನನ್ನೇ, ಕ್ರಿಸ್ತನನ್ನೇ. ಗೆದ್ದದ್ದು ನಿಜ, ಆದರೆ ಗೆದ್ದ ರೀತಿ ಸಿಂಹದ್ದಲ್ಲ. ಏಳನೆಯ ಅಧ್ಯಾಯದಲ್ಲಿ ಇದೇ ಜೋಡಣೆ ಮತ್ತೆ ಬರುತ್ತದೆ. 1,44,000 ಎಂಬ ಎಣಿಕೆ ಅವನಿಗೆ ಕೇಳಿಸುತ್ತದೆ. ನೋಡಿದಾಗ ಕಾಣುವುದು ಸಕಲ ಜನಾಂಗಗಳಿಂದ ಬಂದ, ಯಾರೂ ಎಣಿಸಲಾಗದ ಮಹಾಸಮೂಹ. ಇವು ಎರಡು ಬೇರೆ ಗುಂಪುಗಳೆಂದು ಹೇಳುವವರಿದ್ದಾರೆ. ಸಿಂಹ ಮತ್ತು ಕುರಿಯ ದೃಶ್ಯವನ್ನು ಪಕ್ಕದಲ್ಲಿಟ್ಟುಕೊಂಡ ಮೇಲೆ ಒಂದೇ ಗುಂಪು ಎಂದು ನನಗೆ ತೋರುತ್ತದೆ. ನಿಮ್ಮ ಅಂಕಣಗಳನ್ನು ತುಂಬಿದ ಮೇಲೆ ನೀವೇ ತೂಗಿ ನೋಡಿ.

3. ನಿಘಂಟು ಹಿಂದಿನ ಪುಟಗಳಲ್ಲಿದೆ

ಈ ಹೆಜ್ಜೆಗೆ ಉಳಿದೆಲ್ಲ ಹೆಜ್ಜೆಗಳಿಗಿಂತ ಹೆಚ್ಚು ಸಮಯ ಕೊಡಿ, ಒಂದು ತಿಂಗಳಾದರೂ ಸರಿ. ಪ್ರಕಟನೆಯ ಚಿತ್ರಗಳಲ್ಲಿ ಹೆಚ್ಚಿನವು ಹಳೆಯ ಒಡಂಬಡಿಕೆಯಿಂದ ಎದ್ದು ಬಂದವು. ಯೋಹಾನ ಅಲ್ಲಿಂದ ತೆಗೆದುಕೊಂಡದ್ದನ್ನು ಎಲ್ಲಿಂದ ಎಂದು ಹೇಳುವುದಿಲ್ಲ, ತನ್ನ ಓದುಗರಿಗೆ ಗೊತ್ತಿರುತ್ತದೆ ಎಂದು ನಂಬಿ ಬರೆಯುತ್ತಾನೆ. ಆ ಓದುಗರ ಪಾಠವನ್ನು ನಾವು ಓದದೆ ಅವರ ಪತ್ರ ನಮಗೆ ತೆರೆದುಕೊಳ್ಳದು.

ಈ ಕ್ರಮದಲ್ಲಿ ಓದಿ: ದಾನಿಯೇಲ 2, 7, 8, ಜೆಕರ್ಯ 1ರಿಂದ 6, ಯೆಹೆಜ್ಕೇಲ 1, 9 ಮತ್ತು 37ರಿಂದ ಕೊನೆಯವರೆಗೆ, ವಿಮೋಚನಕಾಂಡ 7ರಿಂದ 11, ಯೋವೇಲ 2. ಒಂದೊಂದನ್ನು ಓದಿದ ಮೇಲೂ ಪ್ರಕಟನೆಗೆ ಹಿಂದಿರುಗಿ, ಎಲ್ಲಿ ಅದರ ದನಿ ಕೇಳಿಸುತ್ತದೆ ಎಂದು ಗುರುತು ಹಾಕಿ.

ದಾನಿಯೇಲ 7ನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸಮುದ್ರದಿಂದ ನಾಲ್ಕು ಮೃಗಗಳು ಏಳುತ್ತವೆ: ಸಿಂಹದಂಥದು, ಕರಡಿಯಂಥದು, ನಾಲ್ಕು ತಲೆಗಳ ಚಿರತೆಯಂಥದು, ಹತ್ತು ಕೊಂಬುಗಳ ಹೆಸರಿಲ್ಲದ ಭಯಂಕರ ಮೃಗ. ಆ ಮೃಗಗಳು ರಾಜ್ಯಗಳೆಂದು ದಾನಿಯೇಲನಿಗೆ ಅಲ್ಲೇ ತಿಳಿಸಲಾಗುತ್ತದೆ. ಈಗ ಪ್ರಕಟನೆ 13ಕ್ಕೆ ಬನ್ನಿ. ಸಮುದ್ರದಿಂದ ಏರುವುದು ಒಂದೇ ಮೃಗ, ಆದರೆ ಅದಕ್ಕೆ ಚಿರತೆಯ ಮೈ, ಕರಡಿಯ ಕಾಲು, ಸಿಂಹದ ಬಾಯಿ, ಹತ್ತು ಕೊಂಬು. ತಲೆಗಳು ಏಳು. ದಾನಿಯೇಲನ ನಾಲ್ಕು ಮೃಗಗಳ ತಲೆಗಳನ್ನು ಎಣಿಸಿ ನೋಡಿ: ಒಂದು, ಒಂದು, ನಾಲ್ಕು, ಒಂದು. ಏಳೇ. ಹಿಂದಿನ ಸಾಮ್ರಾಜ್ಯಗಳ ಕ್ರೌರ್ಯವೆಲ್ಲ ಒಂದೇ ಮೈಯಲ್ಲಿ ಸೇರಿ ನಿಂತಿದೆ ಎಂದು ಯೋಹಾನ ಹೇಳುತ್ತಿದ್ದಾನೆ. ‘ಈ ಮೃಗ ಯಾವ ವ್ಯಕ್ತಿ?’ ಎಂಬ ಪ್ರಶ್ನೆ ಇಲ್ಲಿ ಸಣ್ಣದಾಗಿಬಿಡುತ್ತದೆ. ದೇವರಿಗೆ ಸಲ್ಲಬೇಕಾದ ಆರಾಧನೆಯನ್ನು ತನಗೆ ಸಲ್ಲಿಸಿ ಎಂದು ಒತ್ತಾಯಿಸುವ ರಾಜ್ಯಶಕ್ತಿ ಯಾವುದು ಎಂಬುದು ದೊಡ್ಡ ಪ್ರಶ್ನೆ.

ಗುರುತಿನ ವಿಷಯವೂ ಹೀಗೆಯೇ. ಬಲಗೈ, ಹಣೆ ಎಂದಾಗ ಧರ್ಮೋಪದೇಶಕಾಂಡ 6:8 ನೆನಪಾಗಬೇಕು. ದೇವರ ಮಾತುಗಳನ್ನು ಕೈಗೆ ಕಟ್ಟಿಕೊಳ್ಳಿ, ಹಣೆಯ ಮೇಲೆ ಧರಿಸಿಕೊಳ್ಳಿ ಎಂದು ಅಲ್ಲಿ ಅಪ್ಪಣೆಯಿದೆ. ಯೆಹೆಜ್ಕೇಲ 9ರಲ್ಲಿ, ಊರಿನ ಅನ್ಯಾಯಕ್ಕಾಗಿ ನರಳುವವರ ಹಣೆಗೆ ಗುರುತು ಹಾಕಿ ಅವರನ್ನು ಉಳಿಸಲಾಗುತ್ತದೆ. ಪ್ರಕಟನೆಯಲ್ಲೇ 13ರ ಕೊನೆಯಲ್ಲಿ ಮೃಗದ ಗುರುತು ಬಂದರೆ, ಮರುವಚನದಲ್ಲಿ, ಅಂದರೆ 14:1ರಲ್ಲಿ, ಕುರಿಯ ಹೆಸರನ್ನೂ ತಂದೆಯ ಹೆಸರನ್ನೂ ಹಣೆಯಲ್ಲಿ ಹೊತ್ತವರು ನಿಂತಿದ್ದಾರೆ. ಅಧ್ಯಾಯ ವಿಂಗಡಣೆ ಬಹಳ ಶತಮಾನಗಳ ನಂತರ ಬಂದದ್ದು. ಅದನ್ನು ಮರೆತು ಓದಿದರೆ ಈ ಎರಡೂ ಗುರುತುಗಳು ಎದುರುಬದುರಾಗಿ ಕಾಣುತ್ತವೆ. ಒಂದನ್ನು ಚರ್ಮದ ಕೆಳಗೆ ಹುದುಗಿಸುವ ಚಿಪ್ ಎಂದು ಓದುವವರು ಇನ್ನೊಂದನ್ನೂ ಚಿಪ್ ಎಂದು ಓದುವುದಿಲ್ಲವಲ್ಲ! ಎರಡಕ್ಕೂ ಒಂದೇ ಬಗೆಯ ಓದು ಇರಲಿ ಎಂಬುದಷ್ಟೇ ನನ್ನ ಕೋರಿಕೆ.

ಉಳಿದ ಕೆಲವನ್ನು ನೀವೇ ಹುಡುಕಿ ಜೋಡಿಸಿ: ಬಣ್ಣಬಣ್ಣದ ಕುದುರೆಗಳು ಜೆಕರ್ಯನಲ್ಲಿವೆ, ಸಿಂಹಾಸನದ ಬಳಿಯ ನಾಲ್ಕು ಜೀವಿಗಳು ಯೆಹೆಜ್ಕೇಲನಲ್ಲಿ, ನೀರು ರಕ್ತವಾಗುವುದು ಐಗುಪ್ತದ ಬಾಧೆಗಳಲ್ಲಿ, ಮಿಡತೆಗಳ ದಂಡು ಯೋವೇಲನಲ್ಲಿ.

4. ಸಂಖ್ಯೆಗಳನ್ನು ಲೆಕ್ಕಕ್ಕಿಂತ ಮೊದಲು ಮಾತಾಗಿ ಕೇಳಿ

ಏಳು ಪೂರ್ಣತೆಯ ಸಂಖ್ಯೆ. ಹನ್ನೆರಡು ದೇವಜನರದ್ದು: ಹನ್ನೆರಡು ಕುಲಗಳು, ಹನ್ನೆರಡು ಮಂದಿ ಅಪೊಸ್ತಲರು. 1,44,000 ಎಂದರೆ ಹನ್ನೆರಡನ್ನು ಹನ್ನೆರಡರಿಂದ ಗುಣಿಸಿ ಮತ್ತೆ ಸಾವಿರದಿಂದ ಗುಣಿಸಿದ್ದು. ನಾಲ್ಕು ಭೂಮಿಯ ದಿಕ್ಕುಗಳು.

ಮೂರೂವರೆ ವರ್ಷ, 42 ತಿಂಗಳು, 1,260 ದಿನ, ಇವೆಲ್ಲ ಒಂದೇ ಅವಧಿ. ತಿಂಗಳಿಗೆ 30 ದಿನದಂತೆ ಗುಣಿಸಿದರೆ ಲೆಕ್ಕ ಸರಿಹೋಗುತ್ತದೆ. ದಾನಿಯೇಲ 7:25ರ ‘ಒಂದು ಕಾಲ, ಎರಡು ಕಾಲ, ಅರ್ಧಕಾಲ’ದಿಂದ ಇದು ಬಂದಿದೆ. ಏಳರ ಅರ್ಧ ಅದು, ಪೂರ್ಣವಾಗುವ ಮುನ್ನವೇ ಮುರಿದುಬೀಳುವ ಕಾಲ. ಕಷ್ಟ ನಿಜವಾದದ್ದು, ಆದರೆ ಅದಕ್ಕೆ ಗಡಿ ಉಂಟು.

666ರ ಬಗ್ಗೆ ಸ್ವಲ್ಪ ನಿಲ್ಲಬೇಕು. ಹೀಬ್ರೂ, ಗ್ರೀಕ್ ಭಾಷೆಗಳಲ್ಲಿ ಅಕ್ಷರಗಳೇ ಅಂಕಿಗಳಾಗಿಯೂ ಬಳಕೆಯಾಗುತ್ತಿದ್ದವು. ಹಾಗಾಗಿ ಪ್ರತಿ ಹೆಸರಿಗೂ ಒಂದು ಮೊತ್ತವಿರುತ್ತಿತ್ತು. ‘ನೆರೋನ್ ಕೈಸರ್’ (ಚಕ್ರವರ್ತಿ ನೀರೋ) ಎಂಬುದನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದರೆ 50, 200, 6, 50, 100, 60, 200. ಕೂಡಿಸಿ ನೋಡಿ, 666. ಹೆಸರಿನ ಕೊನೆಯ ‘ನ್’ ಬಿಟ್ಟು ಲ್ಯಾಟಿನ್ ರೀತಿಯಲ್ಲಿ ‘ನೆರೊ’ ಎಂದರೆ 616. ಕೆಲವು ಪ್ರಾಚೀನ ಪ್ರತಿಗಳಲ್ಲಿ ಇರುವುದೂ 616ನೇ. ನೀರೋ ಕ್ರಿ.ಶ. 64ರ ರೋಮ್ ಅಗ್ನಿಕಾಂಡದ ನಂತರ ಕ್ರೈಸ್ತರನ್ನು ಹಿಂಸಿಸಿದ ಚಕ್ರವರ್ತಿ, 68ರಲ್ಲಿ ಸತ್ತ. ಈ ವಿವರಣೆ ಬಹಳ ಬಲವಾದದ್ದು ಎಂದು ನಾನು ಒಪ್ಪುತ್ತೇನೆ. ಆದರೂ ಎರಡನೆಯ ಶತಮಾನದ ಸಭಾಬೋಧಕ ಐರೇನಿಯಸ್ ಇದೇ ಸಂಖ್ಯೆಯನ್ನು ಚರ್ಚಿಸುವಾಗ ನೀರೋನ ಹೆಸರನ್ನು ಎತ್ತುವುದೇ ಇಲ್ಲ. ಬೇರೆ ಎರಡು ಮೂರು ಹೆಸರುಗಳನ್ನು ಮುಂದಿಟ್ಟು, ಯಾವುದನ್ನೂ ಖಚಿತವೆಂದು ಸಾರುವುದು ಬೇಡವೆಂದು ಎಚ್ಚರಿಸುತ್ತಾನೆ. ಯೋಹಾನನ ಕಾಲಕ್ಕೆ ಅಷ್ಟು ಹತ್ತಿರವಿದ್ದವನೇ ತಾಳ್ಮೆ ತೋರಿದ ಕಡೆ ನಾವು ಅವಸರ ಮಾಡಬಾರದು.

5. ಊರುಗಳಿಗೆ ಹೋಗಿ ಬನ್ನಿ

ಪ್ರಕಟನೆ 2 ಮತ್ತು 3ರಲ್ಲಿ ಪತ್ರ ಪಡೆಯುವ ಏಳು ಸಭೆಗಳು ಈಗಿನ ಟರ್ಕಿಯ ಪಶ್ಚಿಮ ಭಾಗದಲ್ಲಿದ್ದ ನಿಜವಾದ ಊರುಗಳು. ಯೋಹಾನ ದರ್ಶನ ಕಂಡ ಪತ್ಮೋಸ್ ದ್ವೀಪ ಆ ಕರಾವಳಿಯಿಂದ ದೂರವಿಲ್ಲ. ಎಫೆಸದಿಂದ ಲವೊದಿಕೀಯದವರೆಗೆ, ಪುಸ್ತಕ ಹೆಸರಿಸುವ ಅನುಕ್ರಮದಲ್ಲೇ, ನಕ್ಷೆಯ ಮೇಲೆ ಬೆರಳಾಡಿಸಿ. ಪತ್ರ ಹೊತ್ತವನ ದಾರಿ ಕಾಣುತ್ತದೆ.

ಲವೊದಿಕೀಯಕ್ಕೆ ಬರೆದ ಮಾತು ಎಲ್ಲರಿಗೂ ಗೊತ್ತು: ನೀನು ತಣ್ಣಗೂ ಇಲ್ಲ, ಬಿಸಿಯೂ ಇಲ್ಲ. ಭಕ್ತಿಯಲ್ಲಿ ಬಿಸಿ ಇರಬೇಕು, ಇಲ್ಲವೆ ಪೂರ್ತಿ ತಣ್ಣಗಾದರೂ ಇರಬೇಕು ಎಂದು ಇದನ್ನು ವಿವರಿಸುವುದು ರೂಢಿ. ಪೂರ್ತಿ ತಣ್ಣಗಿರುವುದನ್ನು ಕ್ರಿಸ್ತನು ಏಕೆ ಬಯಸುತ್ತಾನೆ ಎಂದು ನಾನು ಬಹುಕಾಲ ತಲೆ ಕೆಡಿಸಿಕೊಂಡಿದ್ದೆ. ಭೂಗೋಳ ಇದನ್ನು ಬಿಡಿಸಿಕೊಟ್ಟಿತು. ಸಮೀಪದ ಹಿಯೆರಾಪೊಲಿಯಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು, ಕೊಲೊಸ್ಸೆಯಲ್ಲಿ ತಂಪಾದ ನೀರಿತ್ತು. ಲವೊದಿಕೀಯದ ನೀರು ಕೊಳವೆಗಳಲ್ಲಿ ದೂರದಿಂದ ಬರಬೇಕಾಗಿತ್ತು. ಬಿಸಿನೀರು ಮೈನೋವಿಗೆ ಒಳ್ಳೆಯದು, ತಣ್ಣೀರು ಬಾಯಾರಿದವನಿಗೆ. ಉಗುರುಬೆಚ್ಚಗಿನದು ಎರಡಕ್ಕೂ ಬಾರದು. ಆ ಊರು ಸಿರಿವಂತ ಊರು. ಕ್ರಿ.ಶ. 60ರ ಭೂಕಂಪದಲ್ಲಿ ಬಿದ್ದ ನಗರವನ್ನು ರೋಮ್‌ನ ನೆರವಿಲ್ಲದೆ ತನ್ನದೇ ಹಣದಲ್ಲಿ ಕಟ್ಟಿಕೊಂಡಿತೆಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ‘ನಾನು ಐಶ್ವರ್ಯವಂತ, ನನಗೇನೂ ಕೊರತೆಯಿಲ್ಲ’ ಎಂಬ ಮಾತನ್ನು ಪತ್ರ ಯಾರ ಬಾಯಲ್ಲಿಡುತ್ತಿದೆ ಎಂಬುದು ಆಗ ಚುರುಕಾಗಿ ತಟ್ಟುತ್ತದೆ.

ಪುಸ್ತಕ ಬರೆದ ಕಾಲದ ಬಗ್ಗೆ ಎರಡು ಅಭಿಪ್ರಾಯಗಳಿವೆ. ರೋಮ್ ಚಕ್ರವರ್ತಿ ದೊಮಿತಿಯನ್‌ನ ಆಳ್ವಿಕೆಯ ಕೊನೆ, ಅಂದರೆ ಕ್ರಿ.ಶ. 95ರ ಸುಮಾರು ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಯೆರೂಸಲೇಮಿನ ದೇವಾಲಯ ಬೀಳುವ ಮುಂಚೆ, 60ರ ದಶಕದಲ್ಲಿ ಎಂದು ಹೇಳುವವರೂ ಇದ್ದಾರೆ. ನೀವು ಓದುವ ವ್ಯಾಖ್ಯಾನ ಯಾವುದನ್ನು ಹಿಡಿದಿದೆ ಎಂದು ಮೊದಲ ಪುಟದಲ್ಲೇ ಗಮನಿಸಿ. ಮುಂದಿನ ಅರ್ಧ ವಾದ ಅದರ ಮೇಲೆ ನಿಂತಿರುತ್ತದೆ.

6. ಮತ್ತಾಯ 24ರ ಪಕ್ಕದಲ್ಲಿ ಲೂಕ 21

ಎಣ್ಣೇಮರಗಳ ಗುಡ್ಡದ ಮೇಲೆ ಯೇಸು ಹೇಳಿದ ಮಾತುಗಳನ್ನು ಒಂದೇ ಸುವಾರ್ತೆಯಲ್ಲಿ ಓದಬೇಡಿ. ಮತ್ತಾಯ, ಮಾರ್ಕ, ಲೂಕ ಮೂರನ್ನೂ ಸಾಲಿಗೆ ಸಾಲು ಹೋಲಿಸಿ. ಮತ್ತಾಯ 24:15ರಲ್ಲಿ ದಾನಿಯೇಲನು ಹೇಳಿದ ‘ಹಾಳುಮಾಡುವ ಅಸಹ್ಯ’ ಎಂಬ ಬಿಗಿಯಾದ ಗುರುತು ಬರುತ್ತದೆ, ಓದುವವನು ತಿಳಿದುಕೊಳ್ಳಲಿ ಎಂಬ ಸೂಚನೆಯೂ ಇದೆ. ಅದೇ ಜಾಗದಲ್ಲಿ ಲೂಕ 21:20 ದಂಡುಗಳು ಯೆರೂಸಲೇಮನ್ನು ಮುತ್ತುವುದನ್ನು ಹೇಳುತ್ತದೆ. ದಾನಿಯೇಲನ ಮಾತು ಮೊದಲು ತಟ್ಟಿದ್ದು ಕ್ರಿ.ಪೂ. 167ರಲ್ಲಿ, ಸಿರಿಯದ ಗ್ರೀಕ್ ಅರಸ ಅಂತಿಯೋಕ ಎಪಿಫಾನೆಸ್ ಯೆರೂಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿದಾಗ. ಯೇಸುವಿನ ಮಾತಿನ ನಂತರ ಕ್ರಿ.ಶ. 70ರಲ್ಲಿ ರೋಮ್‌ನ ಸೇನಾಪತಿ ತೀತನ ಸೈನ್ಯ ಆ ದೇವಾಲಯವನ್ನು ಸುಟ್ಟಿತು. ಒಂದೇ ಗುರುತು ಒಂದಕ್ಕಿಂತ ಹೆಚ್ಚು ಸಲ ಇತಿಹಾಸದ ಮೇಲೆ ನೆರಳು ಹಾಯಿಸಬಲ್ಲದು. ಕೊನೆಯ ದಿನಕ್ಕೆ ಅದು ಇನ್ನೂ ಏನನ್ನು ಹೇಳುತ್ತದೆ ಎಂಬ ಪ್ರಶ್ನೆಯನ್ನು ಈ ಎರಡು ಘಟನೆಗಳನ್ನು ತಿಳಿದ ಮೇಲೆ ಕೇಳುವುದು ಒಳ್ಳೆಯದು.

ಇದೇ ಸಂಜೆ 1 ಥೆಸಲೋನಿಕ 4 ಮತ್ತು 2 ಥೆಸಲೋನಿಕ 2ನ್ನೂ ಓದಿ ಮುಗಿಸಿ. ‘ಕ್ರಿಸ್ತವಿರೋಧಿ’ ಎಂಬ ಪದ ಪ್ರಕಟನೆಯಲ್ಲಿ ಒಮ್ಮೆಯೂ ಬರುವುದಿಲ್ಲ, ದಾನಿಯೇಲನಲ್ಲೂ ಇಲ್ಲ. ಯೋಹಾನನ ಮೊದಲ ಎರಡು ಪತ್ರಗಳಲ್ಲಿ ಮಾತ್ರ ಇದೆ, ಅಲ್ಲಿಯೂ ‘ಬಹುಮಂದಿ’ ಎಂಬ ಬಹುವಚನದೊಂದಿಗೆ (1 ಯೋಹಾನ 2:18). ಒಂದು ಪದವನ್ನು ಅದು ಇಲ್ಲದ ಪುಸ್ತಕಕ್ಕೆ ತಂದು ಕೂಡಿಸುವ ಮುನ್ನ ಇಷ್ಟಾದರೂ ಗೊತ್ತಿರಬೇಕು.

7. ಮೆಟ್ಟಿಲೋ, ಸುತ್ತೋ?

ಯೋಹಾನನ ದರ್ಶನದಲ್ಲಿ ಸುರುಳಿಯೊಂದರ ಏಳು ಮುದ್ರೆಗಳನ್ನು ಒಡೆಯಲಾಗುತ್ತದೆ, ಏಳು ತುತೂರಿಗಳನ್ನು ಊದಲಾಗುತ್ತದೆ, ದೇವರ ಕೋಪದ ಏಳು ಪಾತ್ರೆಗಳನ್ನು ಸುರಿಯಲಾಗುತ್ತದೆ. ಇವು ಒಂದಾದ ಮೇಲೆ ಒಂದು ನಡೆಯುವ ಇಪ್ಪತ್ತೊಂದು ಘಟನೆಗಳೇ? ಪರೀಕ್ಷಿಸುವುದು ಸುಲಭ. ಆರನೆಯ ಮುದ್ರೆಯಲ್ಲಿ ನಕ್ಷತ್ರಗಳು ಉದುರುತ್ತವೆ, ಆಕಾಶ ಸುರುಳಿಯಂತೆ ಸುತ್ತಿಕೊಳ್ಳುತ್ತದೆ. ಅಷ್ಟಾದ ಮೇಲೂ ನಾಲ್ಕನೆಯ ತುತೂರಿಗೆ ನಕ್ಷತ್ರಗಳ ಮೂರನೆಯ ಒಂದು ಪಾಲು ಕತ್ತಲಾಗುತ್ತದೆ. ಏಳನೆಯ ತುತೂರಿಗೆ ಲೋಕದ ರಾಜ್ಯ ಕರ್ತನದಾಯಿತು ಎಂಬ ಘೋಷಣೆ ಕೇಳಿಬರುತ್ತದೆ, ಆದರೂ ಮುಂದೆ ಹನ್ನೊಂದು ಅಧ್ಯಾಯಗಳಿವೆ. ಯೋಹಾನ ಒಂದೇ ಬೆಟ್ಟವನ್ನು ಸುತ್ತುತ್ತ, ಪ್ರತಿ ಸುತ್ತಿಗೂ ಸ್ವಲ್ಪ ಮೇಲೇರುತ್ತ ನೋಡುತ್ತಿದ್ದಾನೆ ಎಂದು ನನಗನ್ನಿಸುತ್ತದೆ. ಇದು ಹೊಸ ಮಾತಲ್ಲ. ಮೂರನೆಯ ಶತಮಾನದ ವ್ಯಾಖ್ಯಾನಕಾರ ವಿಕ್ಟೋರಿನಸ್ ಪಾತ್ರೆಗಳ ದರ್ಶನ ತುತೂರಿಗಳದ್ದನ್ನೇ ಮತ್ತೆ ಹೇಳುತ್ತದೆ ಎಂದು ಬರೆದಿದ್ದ. ಕಾಲಾನುಕ್ರಮವಾಗಿ ಓದುವವರಿಗೂ ಅವರದೇ ಆಧಾರಗಳಿವೆ. ನೀವು ಎರಡು ಪಟ ಬರೆದು ನೋಡಿ, ಉದ್ದದ ಗೆರೆಯದೊಂದು, ಸುರುಳಿಯದೊಂದು. ಯಾವುದರಲ್ಲಿ ವಚನಗಳು ಕಡಿಮೆ ಒದ್ದಾಡುತ್ತವೆ?

8. ವ್ಯಾಖ್ಯಾನ ತೆರೆಯುವ ಹೊತ್ತು

ಇಷ್ಟಾದ ಮೇಲೆ, ಮುಂಚೆ ಅಲ್ಲ. ವ್ಯಾಖ್ಯಾನಕಾರರಲ್ಲಿ ನಾಲ್ಕು ದಾರಿಗಳಿವೆ. ಹೆಚ್ಚಿನದು ಮೊದಲ ಶತಮಾನದಲ್ಲೇ ನೆರವೇರಿತು ಎನ್ನುವವರು ಕೆಲವರು. ಸಭೆಯ ಇತಿಹಾಸವೆಲ್ಲ ಸಾಲಾಗಿ ಬಂದಿದೆ ಎನ್ನುವವರು ಕೆಲವರು. ನಾಲ್ಕನೆಯ ಅಧ್ಯಾಯದಿಂದ ಮುಂದಿನದೆಲ್ಲ ಇನ್ನೂ ಬರಬೇಕಾದದ್ದು ಎನ್ನುವವರು ಹಲವರು. ಎಲ್ಲ ಕಾಲಕ್ಕೂ ಸಲ್ಲುವ ಒಳಿತು ಕೆಡುಕಿನ ಹೋರಾಟದ ಚಿತ್ರ ಎನ್ನುವವರು ಉಳಿದವರು. ಇಪ್ಪತ್ತನೆಯ ಅಧ್ಯಾಯದ ಸಾವಿರ ವರ್ಷದ ಬಗ್ಗೆಯೂ ಭೇದವಿದೆ: ಕ್ರಿಸ್ತನು ಅದಕ್ಕೆ ಮುಂಚೆ ಬರುತ್ತಾನೆಯೇ, ಆಮೇಲೆಯೇ, ಅಥವಾ ಪ್ರಾಚೀನ ಸಭೆಯ ಬೋಧಕ ಅಗಸ್ಟೀನ್ ಕಲಿಸಿದಂತೆ ಅದು ಈಗ ನಡೆಯುತ್ತಿರುವ ಸಭೆಯ ಕಾಲವೇ? ಅಂತ್ಯಕಾಲದ ಮಹಾಸಂಕಟಕ್ಕೆ ಮುಂಚೆ ಸಭೆ ಗುಟ್ಟಾಗಿ ಪರಲೋಕಕ್ಕೆ ಎತ್ತಲ್ಪಡುತ್ತದೆ ಎಂಬ ಬೋಧನೆ ಹರಡಿದ್ದು 1830ರ ದಶಕದಿಂದೀಚೆಗೆ, ಬೋಧಕ ಜಾನ್ ನೆಲ್ಸನ್ ಡಾರ್ಬಿಯ ಮೂಲಕ. ಹೊಸದು ಎಂಬ ಕಾರಣಕ್ಕೇ ಅದು ತಪ್ಪಾಗುವುದಿಲ್ಲ, ಆದರೆ ಅದೊಂದೇ ಆದಿಯಿಂದ ಬಂದ ಓದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಪಕ್ಷದ ಪುಸ್ತಕ ಓದಿದರೆ ಎದುರು ಪಕ್ಷದ್ದನ್ನೂ ಓದಿ. ದೇವರನ್ನು ಪ್ರೀತಿಸುವವರು ನಾಲ್ಕೂ ದಾರಿಗಳಲ್ಲಿದ್ದಾರೆ.

ಇಸವಿ ಹೇಳುವವರನ್ನು ಮಾತ್ರ ದೂರವಿಡಿ. ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ದಾನಿಯೇಲ 8:14ರ 2,300 ದಿನಗಳನ್ನು ವರ್ಷಗಳೆಂದು ಎಣಿಸಿದ. ಅವನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಅಮೆರಿಕದಲ್ಲಿ ಕ್ರಿಸ್ತನ ಬರೋಣಕ್ಕಾಗಿ ಕಾದು ಕುಳಿತರು. ಬೆಳಗಾಯಿತು, ಅಳು ಉಳಿಯಿತು. 2011ರ ಮೇ 21 ಎಂದು ಅಮೆರಿಕದ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಹೇಳಿದಾಗಲೂ ತಮ್ಮ ಉಳಿತಾಯ ಖರ್ಚು ಮಾಡಿ ಆ ಸುದ್ದಿ ಸಾರಿದವರಿದ್ದರು. ಆ ಜನರ ನಿರೀಕ್ಷೆ ಸುಳ್ಳಲ್ಲ, ಅದಕ್ಕೇ ಅವರನ್ನು ನೆನೆದಾಗ ನನಗೆ ಸಂಕಟವಾಗುತ್ತದೆ. ಆ ದಿನವನ್ನೂ ಗಳಿಗೆಯನ್ನೂ ತಂದೆಯೊಬ್ಬನೇ ಬಲ್ಲನು ಎಂದು ಮತ್ತಾಯ 24:36 ಹೇಳುವಾಗ ಅದರಲ್ಲಿ ಬಿಡಿಸಬೇಕಾದ ಗುರುತೇನೂ ಇಲ್ಲ.

9. ಕೊನೆಯ ಎರಡು ಅಧ್ಯಾಯಗಳಿಗೆ ಒಂದು ಇಡೀ ವಾರ

ಪಟಗಳಲ್ಲಿ ಈ ಅಧ್ಯಾಯಗಳಿಗೆ ಮೂಲೆಯಲ್ಲಿ ಸಣ್ಣ ಜಾಗ ಸಿಗುತ್ತದೆ. ನೀವು ಹಾಗೆ ಮಾಡಬೇಡಿ. 21:1ರಲ್ಲಿ ಇನ್ನು ಸಮುದ್ರವಿಲ್ಲ ಎಂಬ ಮಾತು ಬಂದಾಗ, ಮೃಗಗಳು ಎಲ್ಲಿಂದ ಎದ್ದು ಬಂದಿದ್ದವು ಎಂದು ನಿಮ್ಮ ನೋಟ್‌ಬುಕ್ಕಿನಲ್ಲಿ ನೋಡಿ. ಜೀವವೃಕ್ಷ, ನದಿ, ಶಾಪ ಇಲ್ಲದಿರುವುದು, ಇವುಗಳ ಪಕ್ಕ ಆದಿಕಾಂಡ 2 ಮತ್ತು 3ನ್ನು ಇಡಿ. ಜನರು ಮೇಲಕ್ಕೆ ಹೋಗುವುದಿಲ್ಲ, ನಗರವೇ ಕೆಳಗೆ ಇಳಿದು ಬರುತ್ತದೆ ಎಂಬುದನ್ನೂ ಗಮನಿಸಿ.

ಆಮೇಲೆ ಅಳತೆಗೆ ಬನ್ನಿ. ಮೂಲದಲ್ಲಿ ನಗರದ ಉದ್ದ 12,000 ಸ್ತಾದಿ (ಆ ಕಾಲದ ದೂರದ ಅಳತೆ), ಗೋಡೆ 144 ಮೊಳ. ಕೆಲವು ಅನುವಾದಗಳು ಇವನ್ನು ಮೈಲಿಗೂ ಅಡಿಗೂ ಇಳಿಸುವುದರಿಂದ ಹನ್ನೆರಡು ಎಂಬ ಸಂಖ್ಯೆಯೇ ಕಾಣದಂತಾಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಸಮ. ಇಂಥ ಆಕಾರದ ಇನ್ನೊಂದು ಸ್ಥಳ ಹಳೆಯ ಒಡಂಬಡಿಕೆಯಲ್ಲಿದೆ: 1 ಅರಸುಗಳು 6:20ರ ಮಹಾಪರಿಶುದ್ಧ ಸ್ಥಳ. ಉದ್ದ 20 ಮೊಳ, ಅಗಲ 20, ಎತ್ತರ 20. ವರ್ಷಕ್ಕೆ ಒಂದು ದಿನ, ಮಹಾಯಾಜಕನೊಬ್ಬನೇ, ರಕ್ತ ಹಿಡಿದು ನಡುಗುತ್ತ ಪ್ರವೇಶಿಸುತ್ತಿದ್ದ ಕೋಣೆ ಅದು. ಅದನ್ನು ಓದಿ ಪ್ರಕಟನೆ 21:22ಕ್ಕೆ ಹಿಂದಿರುಗಿ. ಆ ನಗರದಲ್ಲಿ ಯೋಹಾನನಿಗೆ ದೇವಾಲಯ ಏಕೆ ಕಾಣಲಿಲ್ಲ ಎಂಬುದು ಈಗ ಗೊತ್ತಾಗುತ್ತದೆ. ಊರಿಗೆ ಊರೇ ಆ ಒಳಕೋಣೆಯಾಗಿದೆ, ಅದರ ಹೆಬ್ಬಾಗಿಲುಗಳನ್ನು ಯಾರೂ ಮುಚ್ಚುವುದಿಲ್ಲ.